ಮಗ್ಗದ ಬಂತು, ವ್ಯಾಕರಣದ ಬಂತು

ನಮ್ಮ ಅಮ್ಮ ಜೈನಬಳ ಮಾತು ಹೋದದ್ದು ಗೋವಾದ ವಾಸ್ಕೋದಲ್ಲಿ, ಮೀನಿನ ಜೆಟ್ಟಿಯ ಮೇಲೆ. ಹರಿದ ಬಲೆಯನ್ನು ಮಡಿಲಲ್ಲಿ ಹಾಕಿಕೊಂಡು ಗಂಟು ಹಾಕುತ್ತ ಕೂತವಳು ಒಂದು ಕಡೆ ವಾಲಿದಳಂತೆ. ಬಿಸಿಲಿಗೆ ತಲೆ ತಿರುಗಿರಬೇಕೆಂದು ಜೊತೆಯವರು ಮುಖಕ್ಕೆ ನೀರು ಹೊಡೆದರು, ಸೋಡಾ ಕುಡಿಸಲು ನೋಡಿದರು. ಅದು ಬಾಯಿಯ ಬಲಗಡೆಯಿಂದ ಸುರಿದುಹೋದಾಗ ಗಾಬರಿಯಾಗಿ ನನಗೆ ಫೋನು ಮಾಡಿದರು. ನಾನು ಟೆಂಪೋ ಓಡಿಸುವವನು. ಕೊರ್ಲಿಮ್ ಕಾರ್ಖಾನೆಯಿಂದ ಮಾಲು ತುಂಬಿಕೊಂಡು ಫೋಂಡಾಕ್ಕೆ ಹೊರಟಿದ್ದೆ. ಮಾಲು ಹಾಗೇ ಇರಲಿ ಅಂತ ಗಾಡಿ ತಿರುಗಿಸಿದೆ. ಲಕ್ವ ಹೊಡೆದಿತ್ತು, ದವಾಖಾನೆಯಲ್ಲಿ ಜೀವ ಉಳಿಯಿತು. ಬಲಗಾಲು ಎಳೆದುಕೊಂಡು ನಡೆಯುವ ಮಟ್ಟಕ್ಕೆ ಬಂತು, ಬಲಗೈಯಲ್ಲಿ ಅರ್ಧ ಬಲವಷ್ಟೇ ಉಳಿಯಿತು, ಮಾತು ಮಾತ್ರ ಪೂರ್ತಿ ಹೋಗಿತ್ತು.

ಹೋಗುವುದಿದ್ದರೆ ನನ್ನ ಮಾತು ಹೋಗಬೇಕಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಬಾಯಿ ಬಿಟ್ಟರೆ ಬೈಗುಳವೇ ಹೆಚ್ಚು. ಅಮ್ಮನ ಮಾತು ಹಾಗಲ್ಲ. ಮಂಗೋರ್ ಹಿಲ್‌ನ ನಮ್ಮ ಓಣಿಯಲ್ಲಿ ನಳದ ಮುಂದೆ ಜಗಳ ಎದ್ದರೆ ಅಮ್ಮ ಬರಲಿ ಎಂದು ಕಾಯುವವರಿದ್ದರು. ಅರ್ಧ ಕನ್ನಡ, ಅರ್ಧ ಕೊಂಕಣಿ ಬೆರೆಸಿ ಇಬ್ಬರಿಗೂ ನಾಲ್ಕು ಮಾತು ಅಂದು, ಇಬ್ಬರನ್ನೂ ನಗಿಸಿ ಕೊಡ ತುಂಬಿಕೊಂಡು ಬರುತ್ತಿದ್ದಳು. ಈಗ ಅವಳು ಹಾಸಿಗೆಯ ಮೇಲೆ ಕೂತು ಏನೋ ಹೇಳಲು ಹೋಗಿ, ತುಟಿ ಅಲ್ಲಾಡಿ, ದನಿ ಹೊರಡದೆ, ನಮ್ಮ ಮುಖ ನೋಡುತ್ತಿದ್ದಳು. ಅವಳು ಹಾಗೆ ನೋಡಿದಾಗೆಲ್ಲ ನಾನು ಚಪ್ಪಲಿ ಮೆಟ್ಟಿ ಹೊರಗೆ ಹೋಗಿಬಿಡುತ್ತಿದ್ದೆ. ನನ್ನಿಂದ ತಡೆಯಲಾಗುತ್ತಿರಲಿಲ್ಲ.

ದವಾಖಾನೆಯಲ್ಲಿ ಮಾತು ಕಲಿಸುವ ಹುಡುಗಿ ಒಬ್ಬಳಿದ್ದಳು, ಒಳ್ಳೆಯವಳು. ಲೋಟ, ಬಾಗಿಲು, ಬೆಕ್ಕು ಅಂತ ಚಿತ್ರ ತೋರಿಸಿ ಕೊಂಕಣಿಯಲ್ಲಿ ಕೇಳುತ್ತಿದ್ದಳು, ಆಗದಿದ್ದರೆ ಹಿಂದಿಯಲ್ಲಿ. ಅಮ್ಮನ ಆ ಕಲಿತ ಭಾಷೆಗಳೆಲ್ಲ ಮೊದಲೇ ಅಳಿಸಿಹೋಗಿದ್ದವು. ಒಂದು ದಿನ ಹುಡುಗಿ ನಮ್ಮಿಬ್ಬರನ್ನೂ ಕೂರಿಸಿಕೊಂಡು, ಮನೆಯಲ್ಲಿ ಇವರ ತಾಯಿನುಡಿಯಲ್ಲೇ ಮಾತಾಡಿಸಿ ಎಂದಳು. ಮೊದಲಿನ ಕೆಲವು ತಿಂಗಳೇ ಮುಖ್ಯ, ಈಗ ಬಂದಷ್ಟು ಬಂತು, ಆಮೇಲೆ ಬರುವುದು ಭಾಳ ಕಷ್ಟ ಎಂದೂ ಹೇಳಿದಳು. ಆ ದಿನದಿಂದ ಅಕ್ಕನ ಕಣ್ಣು ಕ್ಯಾಲೆಂಡರಿನ ಮೇಲೇ ಬಿತ್ತು.

ಅಕ್ಕ ಎಂದರೆ ಉಜ್ಮಾ. ನಾನು ಆಪಾ ಅನ್ನುತ್ತೇನೆ. ವಾಸ್ಕೋದ ಒಂದು ಕನ್ನಡ ಶಾಲೆಯಲ್ಲಿ ಕನ್ನಡ ಕಲಿಸುತ್ತಾಳೆ. ಅವಳಿಗೆ ಲೋಕವೆಲ್ಲ ವ್ಯಾಕರಣ. ತಲೆನೋವು ಬಂದರೂ ಅದು ಯಾವ ವಿಭಕ್ತಿ ಅಂತ ಕೇಳುವವಳು ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಈಗ ಅವಳು ಶಾಲೆಯಿಂದ ಬಂದವಳೇ ಪಾಟಿ ಹಿಡಿದು ಅಮ್ಮನ ಮುಂದೆ ಕೂರುತ್ತಿದ್ದಳು.

“ನಾನು ಬಂದೆ ಅನ್ನು ಅಮ್ಮಾ. ನೀನು ಬಂದಿ. ಅದು ಬಂತು. ಸಾವಕಾಶ ಅನ್ನು, ಬಂ... ತು.”

ಅಮ್ಮ ಪಾಟಿ ನೋಡುವಳು, ಆಪಾಳ ತುಟಿ ನೋಡುವಳು, ಹಣೆಯ ಮೇಲೆ ಬೆವರು ಒಡೆಯುವುದು. ಕಡೆಗೆ ಮುಖ ಗೋಡೆಗೆ ತಿರುಗಿಸುವಳು. ಅಮ್ಮ ಓದಿದವಳಲ್ಲ. ಅವಳನ್ನು ದಡ್ಡ ಹುಡುಗಿಯ ಹಾಗೆ ಕೂರಿಸುವುದು ನೋಡಿ ನನಗೆ ಮೈ ಉರಿಯುತ್ತಿತ್ತು. 

ನಮ್ಮದು ಮೂಲ ಇಳಕಲ್ಲು. ಅಪ್ಪ ಮೈಬೂಬಸಾಬ ಸೀರೆ ನೇಯುತ್ತಿದ್ದ. ಅಮ್ಮ ಕೆಚ್ಚುತ್ತಿದ್ದಳು. ಕೆಚ್ಚುವುದೆಂದರೆ ಎಳೆಗೆ ಎಳೆ ಕೂಡಿಸುವುದು. ಒಂದು ಹಾಸಿನ, ಅಂದರೆ ಮಗ್ಗಕ್ಕೆ ಒಮ್ಮೆ ಹೂಡಿದ ಉದ್ದೆಳೆಗಳ, ಸೀರೆಗಳು ಮುಗಿದಾಗ ಮಗ್ಗವನ್ನು ಪೂರ್ತಿ ಬರಿದು ಮಾಡುವುದಿಲ್ಲ. ಎಳೆಗಳು ಒಂದೊಂದಾಗಿ ತೂರುವ, ಬಾಚಣಿಕೆಯಂಥ ಹಣಿಗೆಯಲ್ಲಿ ಹಳೆಯ ಎಳೆಗಳ ಬಾಲ ಒಂದು ಗೇಣು ಉಳಿಸುತ್ತಾರೆ. ಆ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯ ತುದಿ ಸೇರಿಸಿ, ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆಯುತ್ತಾರೆ. ಗಂಟು ಹಾಕುವಂತಿಲ್ಲ, ಗಂಟು ಹಣಿಗೆಯಲ್ಲಿ ತೂರುವುದಿಲ್ಲ. ಗೋವಾಕ್ಕೆ ಬಂದು ಬಲೆ ರಿಪೇರಿಗೆ ಸೇರಿದ ಮೇಲೆ ಅಮ್ಮ ಇದನ್ನೇ ಹೇಳಿ ನಗುತ್ತಿದ್ದಳು. ಅರ್ಧ ಜನ್ಮ ಗಂಟು ಬೀಳದ ಹಾಗೆ ನೋಡಿಕೊಂಡೆ, ಉಳಿದರ್ಧ ಗಂಟು ಹಾಕುವುದರಲ್ಲೇ ಹೋಯಿತು ಅನ್ನುತ್ತಿದ್ದಳು.

ಆಪಾ ಟೀಚರ್ ಆದ ಹೊಸದರಲ್ಲಿ ಮನೆಯಲ್ಲಿ ಪಾಠ ಓದಿಕೊಳ್ಳುತ್ತಿದ್ದಾಗ ಅಮ್ಮ ಅಕ್ಕಿ ಆರಿಸುತ್ತ ಕೇಳಿಸಿಕೊಂಡಿದ್ದಳು.

“ಸಂಧಿ ಅಂದರ ಏನವಾ?” ಎಂದಳು.

“ಎರಡು ಅಕ್ಷರ ಕೂಡೂದು ಅಮ್ಮಾ. ಕೂಡುವಾಗ ಒಂದು ಬಿಟ್ಟುಹೋದರ ಅದು ಲೋಪ.”

“ಬಿಟ್ಟುಹೋದರ ಯಾರೂ ಬೈಯೂದಿಲ್ಲೇನು?”

“ಯಾಕ ಬೈತಾರ? ಅದಕ್ಕ ಲೋಪಸಂಧಿ ಅಂತ ಹೆಸರ ಐತಿ.”

“ಚಲೋ ಐತಿ ನಿಮ್ಮ ಕೆಲಸ,” ಎಂದಳು ಅಮ್ಮ. “ನಮ್ಮಾಗ ಒಂದು ಎಳಿ ಬಿಟ್ಟುಹೋದರ ಸೀರಿ ತುಂಬ ಗೀಟು ಬೀಳತೈತಿ. ಇದು ಲೋಪರೀ ಅಂದರ ಸಾವಕಾರ ಕೇಳ್ತಾನೇನು?”

ಒಂದೇ ಮಾತು, ಆಪಾಳ ಪುಸ್ತಕದಲ್ಲಿ ನಿಯಮ, ಅಮ್ಮನ ಮಗ್ಗದಲ್ಲಿ ತಪ್ಪು. ಇಬ್ಬರೂ ಅವತ್ತು ಭಾಳ ನಕ್ಕರು, ಅಕ್ಕಿ ಚೆಲ್ಲಿತು.

ಕೆಚ್ಚಲು ಇಬ್ಬರು ಬೇಕು. ಒಬ್ಬಳು ಎಳೆಯ ತುದಿ ಆರಿಸಿ ಕೊಡುವವಳು, ಇನ್ನೊಬ್ಬಳು ಹೊಸೆಯುವವಳು. ಕಣ್ಣು ಎಳೆಯ ಮೇಲಿರುವುದರಿಂದ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಬಾಯಲ್ಲೇ ಹೇಳಬೇಕು. ನಮ್ಮ ಮನೆಯಲ್ಲಿ ಅಜ್ಜಿಯ ಕಾಲದಿಂದ ಕೊಡುವವಳು “ತಗೋ” ಅನ್ನುವುದು, ಹೊಸೆಯುವವಳು “ಬಂತು” ಅನ್ನುವುದು ರೂಢಿ. ಬಂತು ಅನ್ನುವವರೆಗೆ ಕೊಟ್ಟವಳು ಎಳೆ ಬಿಡುವಂತಿಲ್ಲ. ಬೆರಳಿಗೆ ಖರೇ ಸಿಕ್ಕದೆ ಬಂತು ಅಂದುಬಿಟ್ಟರೆ ಎಳೆ ಜಾರಿ ಹಣಿಗೆಯ ಹಿಂದೆ ಹೋಗಿಬಿಡುತ್ತದೆ, ಹುಡುಕಿ ತೆಗೆಯುವುದರಲ್ಲಿ ಸಾಕುಸಾಕಾಗುತ್ತದೆ. ಹಾಗಾಗಿ ಆ ಒಂದು ಮಾತನ್ನು ನಮ್ಮ ಮನೆಯಲ್ಲಿ ಯಾರೂ ಸುಳ್ಳು ಆಡುತ್ತಿರಲಿಲ್ಲ. ಬೇರೆ ಸುಳ್ಳುಗಳಿಗೇನೂ ಬರವಿರಲಿಲ್ಲ.

ಕೈಮಗ್ಗದ ಕೆಲಸ ಕಡಿಮೆಯಾದಾಗ ಅಪ್ಪ ಮಗ್ಗ ಮಾರಿ, ನಮ್ಮನ್ನು ಕಟ್ಟಿಕೊಂಡು ಬಂದರಿನ ಕೆಲಸಕ್ಕೆ ಇಲ್ಲಿಗೆ ಬಂದ. ಕೊಂಡವನಿಗೆ ಬೇಕಾದದ್ದು ಕಟ್ಟಿಗೆ. ಹಣಿಗೆಯನ್ನೂ ಅದರಲ್ಲಿದ್ದ ಎಳೆಗಳ ಬಾಲವನ್ನೂ ಅಮ್ಮ ಹಳೆಯ ಚಾದರದಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದಳು. ಕಪ್ಪು ಎಳೆಗಳು, ಎರಡೂ ಅಂಚಿಗೆ ಕೆಂಪು. ಅಪ್ಪ ತೀರಿಕೊಂಡ ಮೇಲೂ ಅದು ನಮ್ಮ ತಗಡಿನ ಮಾಡಿನ ಕೆಳಗೆ ಮೊಳೆಗೆ ತೂಗುತ್ತಿತ್ತು. ಇದನ್ನು ಇಟ್ಟುಕೊಂಡು ಏನು ಮಾಡುತ್ತಿ ಅಂತ ಕೇಳಿದರೆ, ಬಾಲ ಇದ್ದರೆ ಎಂದಾದರೂ ಕೂಡಿಸಬಹುದು, ಬಾಲವೇ ಹೋದರೆ ಎಲ್ಲಿಂದ ಕೂಡಿಸುತ್ತಿ ಅನ್ನುತ್ತಿದ್ದಳು.

ಅದನ್ನು ಕೆಳಗಿಳಿಸಿದ್ದು ನಮ್ಮ ಪಕ್ಕದ ಮನೆಯ ಹೇಮಿಬಾಯಿ. ಗಾರೆ ಕೆಲಸ ಇಲ್ಲದ ದಿನ ಅವಳೇ ಅಮ್ಮನ ಜೊತೆ ಇರುತ್ತಿದ್ದಳು. ಅಮ್ಮ ಎಡಗೈ ಮೇಲೆತ್ತಿ ಒಂದೇ ಸಮನೆ ತೋರಿಸುತ್ತಿದ್ದಳೆಂದು ಇಳಿಸಿ ಕೊಟ್ಟಿದ್ದಳು. ಸಂಜೆ ನಾವು ಬಂದಾಗ ಅಮ್ಮ ಆ ಎಳೆಗಳನ್ನು ಸವರುತ್ತ ಕೂತಿದ್ದಳು. ಆಪಾ ಏನು ಅಂದುಕೊಂಡಳೋ, ಪಾಟಿ ಬದಿಗಿಟ್ಟು, ಹಣಿಗೆಯನ್ನು ಎರಡು ಕುರ್ಚಿಗಳ ನಡುವೆ ಕಟ್ಟಿದಳು. ಹೊಲಿಗೆಯ ಕಪ್ಪು ದಾರ ಕತ್ತರಿಸಿ ಅಮ್ಮನ ಬಳಿ ಇಟ್ಟಳು. ಎದುರು ಕೂತು ಹಳೆಯ ಎಳೆಯೊಂದರ ತುದಿ ಹಿಡಿದು “ತಗೋ” ಎಂದಳು. ಅಮ್ಮನ ಎಡಗೈ ಮುಂದೆ ಬಂತು. ಎರಡು ತುದಿ ಸೇರಿಸಿ ಹೆಬ್ಬೆರಳಿನಲ್ಲಿ ಹೊಸೆದಳು.

“ಬಂತು,” ಎಂದಳು ಅಮ್ಮ.

ದನಿ ಒರಟಾಗಿತ್ತು, ಆದರೆ ಅಮ್ಮನದೇ. ಆಪಾ ಇನ್ನೊಂದು ಎಳೆ ಹಿಡಿದು ತಗೋ ಎಂದಳು. ಬಂತು ಎಂದಳು ಅಮ್ಮ. ನಾನು ಬಾಗಿಲಲ್ಲೇ ಕುಸಿದು ಕೂತು ಅತ್ತುಬಿಟ್ಟೆ, ನಾಚಿಕೆಯೇನೂ ಆಗಲಿಲ್ಲ. ಹೇಮಿಬಾಯಿ ಓಡಿಹೋಗಿ ಸಕ್ಕರೆ ತಂದು ಎಲ್ಲರ ಬಾಯಿಗೂ ಹಾಕಿದಳು.

ಆಪಾಳಿಗೆ ರೆಕ್ಕೆ ಬಂದಂತಾಯಿತು. “ಕ್ರಿಯಾಪದ ಬಂದೈತಿ ಪರ್ವೇಜ. ಭೂತಕಾಲ, ಪ್ರಥಮ ಪುರುಷ, ಪ್ರತ್ಯಯ ಸಮೇತ ಬಂದೈತಿ. ಇನ್ನ ಇದಕ್ಕ ಕರ್ತೃ ಹಚ್ಚಿದರ ವಾಕ್ಯ ಆತು,” ಎಂದಳು. ಆಗ ಮಳೆಗಾಲ, ತಗಡಿನ ಮೇಲೆ ಮಳೆ ಹೊಡೆಯುತ್ತಿತ್ತು. ಅಮ್ಮನ ಮುಖ ಕಿಟಕಿಗೆ ತಿರುಗಿಸಿ, “ಮಳಿ ಬಂತು ಅನ್ನು ಅಮ್ಮಾ,” ಎಂದಳು. ಅಮ್ಮ ಮಳೆ ನೋಡಿದಳು, ತುಟಿ ಅಲ್ಲಾಡಿಸಿದಳು. ಏನೂ ಬರಲಿಲ್ಲ. ಬಸ್ಸು ಬಂತು ಅನ್ನು, ನೀರು ಬಂತು ಅನ್ನು, ಯಾವುದಕ್ಕೂ ಇಲ್ಲ. ಕೈಗೆ ಎಳೆ ಕೊಟ್ಟು ತಗೋ ಅಂದರೆ ಮಾತ್ರ ಬಂತು.

“ಅದು ನಿನ್ನ ವ್ಯಾಕರಣದ ಬಂತು ಅಲ್ಲ ಆಪಾ, ಮಗ್ಗದ್ದು,” ಎಂದೆ ನಾನು. “ನಿನ್ನ ಪುಸ್ತಕದಾಗ ಬಂತು ಅಂದರ ಏನೋ ಒಂದು ಬಂದು ಮುಗೀತು. ಮಗ್ಗದ ಮುಂದ ಬಂತು ಅಂದರ ನಾ ಹಿಡಿದೇನಿ, ಇನ್ನ ನೀ ಬಿಡು ಅಂತ.”

“ಯಾವುದರೆ ಆಗಲಿ, ಮಾತು ಹೌದಲ್ಲೋ,” ಎಂದಳು ಆಪಾ. “ಒಂದು ಹಿಡಕೊಂಡು ಇನ್ನೊಂದು ಕೂಡಿಸ್ತೇನಿ.”

ಅವಳ ಆಸೆ ಅದೇ. ದವಾಖಾನೆಯ ಹುಡುಗಿಗೂ ಖುಷಿಯಾಯಿತು, ಬಿಡಬೇಡಿ, ದಿನಾ ಮಾಡಿಸಿ ಎಂದಳು. ದಿನಾ ಸಂಜೆ ನಮ್ಮ ಖೋಲಿಯಲ್ಲಿ ತಗೋ, ಬಂತು, ತಗೋ, ಬಂತು. ಓಣಿಯವರು ಬಾಗಿಲಲ್ಲಿ ನಿಂತು ಕೇಳಿ ಹೋಗುತ್ತಿದ್ದರು. ಅಮ್ಮ ಸರಿಯಾಗಿ ಊಟ ಮಾಡತೊಡಗಿದಳು. ನನಗೂ ಆಸೆ ಹತ್ತಿತು, ಸುಳ್ಳು ಯಾಕೆ ಹೇಳಲಿ. ದಾರಿಯಲ್ಲಿ ಟೆಂಪೋ ಓಡಿಸುತ್ತ, ಇವತ್ತು ಬೇರೆ ಏನಾದರೂ ಅಂದಿರಬಹುದು ಅಂತ ಲೆಕ್ಕ ಹಾಕುತ್ತಿದ್ದೆ.

ಆದರೆ ಎಳೆಗಳು ಎಷ್ಟಿದ್ದರೂ ಒಂದು ದಿನ ಮುಗಿಯಲೇಬೇಕು. ಈ ಅಂಚಿನ ಕೆಂಪಿನಿಂದ ಆ ಅಂಚಿನ ಕೆಂಪಿನವರೆಗೆ ಎಲ್ಲ ಕೆಚ್ಚಿಯಾಯಿತು. ಮರುದಿನ ಅಮ್ಮ ಹಣಿಗೆಯ ಮುಂದೆ ಕೈ ಕಟ್ಟಿ ಕೂತಳು. ಕೊಡುವ ಎಳೆ ಇಲ್ಲ, ಹಾಗಾಗಿ ಮಾತೂ ಇಲ್ಲ. ಆಪಾ ಪ್ಲಾಸ್ಟಿಕ್ ಬಾಚಣಿಕೆಗೆ ದಾರ ಪೋಣಿಸಿ ಮುಂದಿಟ್ಟಳು. ಅಮ್ಮ ಅದನ್ನು ಒಂದು ಸಲ ನೋಡಿ ಬದಿಗೆ ಸರಿಸಿದಳು. ಇಳಕಲ್ಲಿನ ಮಾಮುವಿಗೆ ಫೋನು ಮಾಡಿ ಇನ್ನೊಂದು ಹಣಿಗೆ ಸಿಗುವುದೇ ಎಂದು ಕೇಳಿದೆ. ಬಾಲ ಇರುವ ಹಣಿಗೆಯನ್ನು ಯಾರು ಬಿಚ್ಚಿ ಕೊಡುತ್ತಾರಪ್ಪಾ ಎಂದರು. ವಾರ ಕಳೆಯಿತು. ಮತ್ತೆ ಅದೇ ಅಲ್ಲಾಡುವ ತುಟಿ, ಅದೇ ನೋಟ. ದವಾಖಾನೆಯ ಹುಡುಗಿ ಹೇಳಿದ ತಿಂಗಳುಗಳು ಮುಗಿಯುತ್ತ ಬಂದಿದ್ದವು.

ಆಮೇಲೆ ಒಂದು ಸಂಜೆ ಮತ್ತೆ ತಗೋ, ಬಂತು ಶುರುವಾಯಿತು. ಹೇಗೆ ಎಂದು ನಾನು ಕೇಳಲಿಲ್ಲ. ಮರುದಿನ ಬೆಳಗ್ಗೆ ಟೆಂಪೋದ ಕೀಲಿ ಮರೆತು ವಾಪಸು ಬಂದೆ. ಅಮ್ಮನನ್ನು ಹೇಮಿಬಾಯಿ ಬಚ್ಚಲಿಗೆ ಕರೆದುಕೊಂಡು ಹೋಗಿದ್ದಳು. ಆಪಾ ಶಾಲೆಯ ಸೀರೆ ಉಟ್ಟುಕೊಂಡು, ಸಣ್ಣ ಕತ್ತರಿ ಹಿಡಿದು, ಹಿಂದಿನ ಸಂಜೆ ಅಮ್ಮ ಕೆಚ್ಚಿದ್ದನ್ನೆಲ್ಲ ಕತ್ತರಿಸುತ್ತಿದ್ದಳು.

ನೇಕಾರರ ಮನೆಯಲ್ಲಿ ಹುಟ್ಟಿದವರು ಯಾರೂ ಈ ಕೆಲಸ ಮಾಡುವುದಿಲ್ಲ. ಸೀರೆ ಮುಗಿದಾಗ ಕತ್ತರಿ ಬೀಳುವುದು ಬಟ್ಟೆಯ ಮೇಲೆ, ಕೆಚ್ಚಿದ ಬಾಲದ ಮೇಲಲ್ಲ.

“ಏನ ಮಾಡಾಕತ್ತಿ ಆಪಾ?”

“ಸಂಜಿಗೆ ಆಕಿ ಮಾತಾಡಬೇಕಲ್ಲ.”

“ಕತ್ತರಿಸಿದಂಗೆಲ್ಲ ಬಾಲ ಗಿಡ್ಡ ಆಕ್ಕೋತ ಹೊಂಟೈತಿ. ಅದು ಆಕಿ ಜೀವ.”

“ಆಕಿ ಬಾಯಿ ಮುಚ್ಚಿದ ಮ್ಯಾಲ ಆ ಬಾಲ ಇಟಕೊಂಡು ನಾ ಏನ ಮಾಡ್ಲೋ?” ಎಂದಳು. ಅವಳ ಕಣ್ಣು ಕೆಂಪಗಾಗಿತ್ತು. “ನಿನಗ ಬ್ಯಾರೆ ದಾರಿ ಗೊತ್ತಿದ್ದರ ಹೇಳು.”

ಸಿಟ್ಟು ನೆತ್ತಿಗೇರಿತ್ತು, ಆದರೆ ಸಂಜೆ ಆ ದನಿ ಕೇಳದೆ ಇರಲು ನನಗೂ ಆಗುತ್ತಿರಲಿಲ್ಲ. ಕೀಲಿ ತೆಗೆದುಕೊಂಡು ಹೊರಟುಹೋದೆ. ಅವತ್ತು ಸಂಜೆ ಅಮ್ಮ ಬಂತು ಅಂದಾಗಲೆಲ್ಲ ನನಗೆ ಕತ್ತರಿಯ ಸದ್ದು ಕೇಳಿಸುತ್ತಿತ್ತು. ಗೇಣುದ್ದದ ಬಾಲ ನಾಲ್ಕು ಬೆರಳಾಯಿತು, ಮೂರಾಯಿತು. ಅಮ್ಮ ಕೆಲವು ಸಲ ಕೈ ನಿಲ್ಲಿಸಿ ಎಳೆಗಳನ್ನು ಅಳೆಯುವವಳ ಹಾಗೆ ಸವರುತ್ತಿದ್ದಳು. ಆಪಾ ಅವಸರದಿಂದ ಮುಂದಿನ ಎಳೆ ಹಿಡಿದು ತಗೋ ಅನ್ನುತ್ತಿದ್ದಳು.

ಶಾಲೆಗೆ ರಜೆ ಇದ್ದ ಒಂದು ಮಧ್ಯಾಹ್ನ ಅದು ಬಯಲಾಯಿತು. ಅಮ್ಮ ಮಲಗಿದ್ದಾಳೆಂದು ಆಪಾ ಕತ್ತರಿ ತೆಗೆದಳು. ನಾನು ಅಲ್ಲೇ ಊಟ ಮಾಡುತ್ತ ಕೂತಿದ್ದೆ. ಹಾಸಿಗೆಯ ಕಡೆ ನೋಡಿದರೆ ಅಮ್ಮ ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ ಏನೋ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ತಿಳಿಯುತ್ತಿತ್ತು, ಅದರಲ್ಲಿ ನಾನು ಪಳಗಿದವನು. ಅದು ಮೋಸ ಹೋದವರ ಮುಖ. ದಿನಾ ಸಂಜೆ ಕೂಡಿಸಿದ್ದೆಲ್ಲ ಮರುದಿನ ಬೆಳಗ್ಗೆ ಹೋಗುತ್ತಿತ್ತೆಂದು ಅವಳಿಗೆ ಅರ್ಥವಾಗಿತ್ತು. ಆಪಾಳ ಕೈಯಿಂದ ಕತ್ತರಿ ಬಿತ್ತು. “ಅಮ್ಮಾ, ನಿನ್ನ ಸಲುವಾಗಿ,” ಎಂದಳು. ಅಮ್ಮ ಮುಖ ಗೋಡೆಗೆ ತಿರುಗಿಸಿದಳು.

ಅಲ್ಲಿಂದ ಮುಂದೆ ಎಳೆ ಕೊಟ್ಟರೆ ಮುಷ್ಟಿ ಬಿಗಿಹಿಡಿಯತೊಡಗಿದಳು. ಅನ್ನ ಕಲಸಿ ಬಾಯಿಗೆ ಇಟ್ಟರೆ ಹಲ್ಲು ಕಚ್ಚುತ್ತಿದ್ದಳು. ಇದ್ದ ಒಂದು ಮಾತೂ ಹೋಯಿತು, ಅದೂ ನಮ್ಮ ಕೈಯಾರೆ. ಆಪಾ ಶಾಲೆಗೆ ರಜೆ ಹಾಕಿ ಹಾಸಿಗೆಯ ಬದಿಗೆ ಕೂತು, ತಪ್ಪಾತು ಅಮ್ಮಾ, ಬೈ, ಹೊಡಿ, ಏನರೆ ಅನ್ನು ಅಂತ ಗೋಗರೆದಳು. ಹೇಮಿಬಾಯಿ ಬಂದು ಬೇಡಿಕೊಂಡಳು. ದವಾಖಾನೆಯ ದಿನ ಬಂತು, ಅಮ್ಮ ಮೆಟ್ಟಿಲು ಇಳಿಯಲು ಒಪ್ಪಲಿಲ್ಲ. ನಾನು ಒಂದು ದಿನ ಟೆಂಪೋವನ್ನು ರಸ್ತೆ ಬದಿಗೆ ನಿಲ್ಲಿಸಿ ಸ್ಟೀರಿಂಗಿಗೆ ಹಣೆ ಹಚ್ಚಿ ಕೂತೆ. ಅಲ್ಲಾನನ್ನು ಬೇಡಿದೆನೋ ಬೈದೆನೋ ಈಗ ನೆನಪಿಲ್ಲ.

ಕಡೆಗೆ ಅಮ್ಮ ತಾನಾಗಿಯೇ ಎದ್ದಳು. ಹೊತ್ತು ಇನ್ನೂ ಮುಳುಗಿರಲಿಲ್ಲ. ಕಾಲು ಎಳೆದುಕೊಂಡು ಬಂದು ಹಣಿಗೆಯ ಮುಂದೆ ನಿಂತಳು. ಬಾಲ ಹೆಬ್ಬೆರಳಿನ ಉದ್ದವೂ ಉಳಿದಿರಲಿಲ್ಲ. ಆಪಾ ಜೀವ ಬಂದವಳ ಹಾಗೆ ಓಡಿ ತನ್ನ ಜಾಗದಲ್ಲಿ, ಎಳೆ ಕೊಡುವವಳ ಜಾಗದಲ್ಲಿ, ಕೂತಳು. ಅಮ್ಮ ಅವಳ ಭುಜ ಹಿಡಿದು ಎಬ್ಬಿಸಿದಳು. ಎದುರಿನ ಜಾಗಕ್ಕೆ, ಹೊಸೆಯುವವಳ ಜಾಗಕ್ಕೆ, ತಳ್ಳಿದಳು. ತಾನು ಆಪಾಳ ಜಾಗದಲ್ಲಿ ಕಷ್ಟಪಟ್ಟು ಕೂತಳು. ಎಡಗೈಯಿಂದ ಕೆಂಪು ಅಂಚಿನ ಮೊದಲ ಎಳೆ ಆರಿಸಿ, ತುದಿ ಹಿಡಿದು, ಆಪಾಳ ಕಡೆ ಚಾಚಿದಳು.

“ತಗೋ,” ಎಂದಳು.

ಅದು ಹೊಸ ಮಾತು. ನಾವು ಯಾರೂ ಹೇಳಿಕೊಟ್ಟಿರಲಿಲ್ಲ. ಆಪಾ ಆ ತುದಿ ಹಿಡಿದಳು. ಇನ್ನೊಂದು ಕೈಯಲ್ಲಿ ಕಪ್ಪು ದಾರ ಹಿಡಿದು ಎರಡನ್ನೂ ಸೇರಿಸಿ ಹೊಸೆದಳು. ಬಿಚ್ಚಿಕೊಂಡಿತು. ಬೂದಿ ಹಚ್ಚಿಕೊಂಡು ಮತ್ತೆ ಹೊಸೆದಳು. ಚಿಕ್ಕಂದಿನಲ್ಲಿ ಅವಳು ಮಾಡಿದ್ದು ಬರೀ ಎಳೆ ಕೊಡುವ ಕೆಲಸ, ಹೊಸೆಯುವುದು ಅವಳ ಬೆರಳಿಗೆ ಗೊತ್ತೇ ಇರಲಿಲ್ಲ. ಅಷ್ಟು ಗಿಡ್ಡ ಎಳೆಯನ್ನು ಗೊತ್ತಿದ್ದವರೂ ಹೊಸೆಯುವುದು ಕಷ್ಟ. ತುದಿ ಜಾರಿತು, ಮತ್ತೆ ಜಾರಿತು. ಅಮ್ಮ ತನ್ನ ಕಡೆಯ ಎಳೆ ಹಿಡಿದುಕೊಂಡೇ ಕೂತಿದ್ದಳು. ತಲೆ ಬಗ್ಗಿಸಿ, ಕಿವಿ ಇತ್ತ ಕೊಟ್ಟು, ಆ ಒಂದು ಮಾತಿಗೆ ಕಾಯುತ್ತಿದ್ದಳು. 

ನನ್ನಿಂದ ನೋಡಲಾಗಲಿಲ್ಲ. “ಬಂತು ಅಂದುಬಿಡು ಆಪಾ,” ಎಂದೆ. “ಆಕಿ ಕೈ ಸೋಲಾಕತ್ತೈತಿ. ಅಂದುಬಿಡು.”

“ಬಂದಿಲ್ಲೋ,” ಎಂದಳು ಆಪಾ. ಕಣ್ಣೀರು ಬೂದಿಯ ಬೆರಳ ಮೇಲೆ ಬೀಳುತ್ತಿತ್ತು. “ಖರೇನೂ ಬಂದಿಲ್ಲೋ ಪರ್ವೇಜ.”

ಅಮ್ಮ ಎಳೆ ಬಿಡಲಿಲ್ಲ.